‘ಏನಾಯಿತು’ ಎಂದು ಕೇಳುವ ಮೊದಲು: 44 ದಿನದ ಕೂಸಿನ ಒಂದು ಪ್ರಕರಣ

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆ. ಪೆಟ್ಟಾದ ಮಗು ಬಂದು, ಆ ಪೆಟ್ಟಿನ ಬಗ್ಗೆ ವೈದ್ಯರಿಗೆ ಅನುಮಾನ ಬಂದರೆ ನನಗೆ ಕರೆ ಬರುತ್ತದೆ. ಮನೆಯವರ ಜೊತೆ ಕೂತು ಮಾತಾಡುವುದು, ಮನೆಗೆ ಹೋಗಿ ನೋಡುವುದು, ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಬರೆಯುವುದು ನನ್ನ ಕೆಲಸ. ಈ ಪ್ರಕರಣ ಬರೆಯಲು ಮನೆಯವರನ್ನು ಕೇಳಿ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಾರದು ಎಂದು ಊರು, ಬಡಾವಣೆ, ಹೆಸರು ಬದಲಿಸಿದ್ದೇನೆ, ವರ್ಷ ಹೇಳುವುದಿಲ್ಲ. ರೋಗ, ಪರೀಕ್ಷೆಗಳು, ನಾವು ತೆಗೆದುಕೊಂಡ ತೀರ್ಮಾನಗಳು, ನಮ್ಮ ತಪ್ಪುಗಳು ಹಾಗೇ ಇವೆ.

ಮೊದಲ ತಪ್ಪು ನನ್ನದೇ. ಆ ದಿನ ಎಮರ್ಜೆನ್ಸಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದವರ ಹತ್ತಿರ ಹೋಗಿ ನಾನು ಕೇಳಿದ ಮೊದಲ ಪ್ರಶ್ನೆ: “ಮಗುವಿಗೆ ಏನು ಮಾಡಿದಿರಿ?” ಹನ್ನೊಂದು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಬೇರೆ ಯಾರನ್ನೇ ಆದರೂ ನಾನು “ಏನಾಯಿತು?” ಎಂದೇ ಕೇಳುತ್ತೇನೆ. ಅವತ್ತು ಮಾತ್ರ ಬಾಯಿಗೆ ಬೇರೆ ಪ್ರಶ್ನೆ ಬಂತು.

ಹಿನ್ನೆಲೆ

ಅಪ್ಪ ಗಾರೆ ಕೆಲಸದವರು, ರಾಯಚೂರು ಕಡೆಯವರು. ಅಮ್ಮ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸ ಮಾಡುತ್ತಾರೆ. ಐದು ಮತ್ತು ಮೂರು ವರ್ಷದ ಇಬ್ಬರು ಹೆಣ್ಣುಮಕ್ಕಳಾದ ಮೇಲೆ ಈ ಕೂಸು, ಗಂಡು. ಹೆರಿಗೆ ಊರಿನಲ್ಲಿ ಆಯಿತು. ರಾತ್ರಿ ನೋವು ಶುರುವಾಗಿ, ಗಾಡಿ ಬರುವಷ್ಟರಲ್ಲಿ ಮನೆಯಲ್ಲೇ ಹೆರಿಗೆಯಾಗಿಬಿಟ್ಟಿತ್ತು. ಒಂದು ತಿಂಗಳಿಗೆ ಬೆಂಗಳೂರಿಗೆ ವಾಪಸ್ ಬಂದರು. ಮನೆಗೆಲಸಕ್ಕೆ ಹೆರಿಗೆ ರಜೆ ಯಾರು ಕೊಡುತ್ತಾರೆ? ಜಾಸ್ತಿ ದಿನ ಬಿಟ್ಟರೆ ಆ ಮನೆ ಇನ್ನೊಬ್ಬರ ಪಾಲು. ಐದನೇ ವಾರಕ್ಕೇ ಅಮ್ಮ ಬೆಳಿಗ್ಗೆ ಮೂರು ತಾಸು ಕೆಲಸಕ್ಕೆ ಹೋಗತೊಡಗಿದರು.

ಆ ಮೂರು ತಾಸು ಕೂಸನ್ನು ನೋಡಿಕೊಳ್ಳುತ್ತಿದ್ದವರು ಪಕ್ಕದ ಶೀಟಿನ ಮನೆಯ ರೇಣುಕಾ. ಅವರು ಮಂಗಳಮುಖಿ. ವಯಸ್ಸು ಐವತ್ತರ ಆಸುಪಾಸು. ಚಿಕ್ಕಂದಿನಲ್ಲೇ ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡು ಜೋಗಪ್ಪ ಆದವರು. ಬೆಂಗಳೂರಿಗೆ ಬಂದ ಮೇಲೆ ತುಂಬಾ ವರ್ಷ ಅಂಗಡಿ ಅಂಗಡಿ ತಿರುಗಿ ಕಾಸು ಕೇಳಿ ಬದುಕಿದರು. ಮಂಡಿ ನೋವು ಬಂದ ಮೇಲೆ ಅದನ್ನು ಬಿಟ್ಟು, ಸೈಟ್ ಕೆಲಸದವರಿಗೆ ರೊಟ್ಟಿ ಬಡಿದು ಕೊಡುತ್ತಿದ್ದರು. ನಾಲ್ಕು ವರ್ಷದಿಂದ ಎರಡೂ ಮನೆಗೆ ಒಂದೇ ನಲ್ಲಿ, ಒಂದೇ ಅಂಗಳ. ದೊಡ್ಡ ಹುಡುಗಿಯರಿಬ್ಬರೂ ಅವರ ಒಲೆ ಮುಂದೆಯೇ ಬೆಳೆದವರು.

ನಮ್ಮ ಜನ ಕೂಸು ಹುಟ್ಟಿದ ಮನೆಗೆ ಮಂಗಳಮುಖಿಯರು ಬಂದು ಹರಸಿದರೆ ಒಳ್ಳೆಯದು ಅನ್ನುತ್ತಾರೆ. ಅಂಗಡಿ ಪೂಜೆಗೆ ಅವರ ಕೈಯಿಂದ ದೃಷ್ಟಿ ತೆಗೆಸುತ್ತಾರೆ. ಅದೇ ಕೈಯಲ್ಲಿ ದಿನಾ ಒಂದು ಕೂಸು ಮಲಗುತ್ತದೆ ಅಂದರೆ ಮಾತ್ರ ಮುಖ ಬೇರೆಯಾಗುತ್ತದೆ. ಈ ಅನುಮಾನ ಕಾನೂನಿನ ಒಳಗೂ ಸೇರಿತ್ತು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿದರು. ಗಂಡುಮಕ್ಕಳನ್ನು ಅಪಹರಿಸುವ ಅನುಮಾನವಿರುವ ಮಂಗಳಮುಖಿಯರ ಹೆಸರು, ವಿಳಾಸದ ಪಟ್ಟಿ ಇಡಲು ಅದು ಪೊಲೀಸರಿಗೆ ಅಧಿಕಾರ ಕೊಟ್ಟಿತು. ಆ ಸಮುದಾಯದವರು ಹೋರಾಡಿ ಮುಂದೆ ಅದರ ಪದ ಬದಲಾಯಿಸಿದರು. ಪದ ಬದಲಾದ ಮಾತ್ರಕ್ಕೆ ಜನರ ಮನಸ್ಸು ಬದಲಾಗಲಿಲ್ಲ. ನನ್ನ ಮೊದಲ ಪ್ರಶ್ನೆಯೇ ಅದಕ್ಕೆ ಸಾಕ್ಷಿ.

ಆ ಮಂಗಳವಾರ

ಕೂಸಿಗೆ 44 ದಿನ. ಬೆಳಿಗ್ಗೆ ಎಂಟೂವರೆಗೆ ಅಮ್ಮ ಹಾಲು ಕುಡಿಸಿ ಹೊರಟರು. ಹತ್ತೂಕಾಲರ ಹೊತ್ತಿಗೆ ಕೂಸು ಬಿಳಿಚಿಕೊಂಡು, ಕಣ್ಣು ಒಂದು ಕಡೆ ನಿಂತು, ಬಲಗೈ ಎಳೆಯತೊಡಗಿತು. ರೇಣುಕಾ ಎತ್ತಿಕೊಂಡು ರಸ್ತೆಗೆ ಓಡಿದರು. ಮೊದಲ ಎರಡು ಆಟೋ ನಿಲ್ಲಿಸಲಿಲ್ಲ. ಒಬ್ಬ ಮಂಗಳಮುಖಿ ಕೂಸು ಹಿಡಿದುಕೊಂಡು ಓಡುತ್ತಿದ್ದರೆ ಜನ ಏನು ಅಂದುಕೊಳ್ಳುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ. ಯಾರೋ ವಿಡಿಯೊ ತೆಗೆದರು. 2018ರ ಮೇ ತಿಂಗಳಲ್ಲಿ ಇದೇ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದ ಮಕ್ಕಳ ಕಳ್ಳರ ಸುದ್ದಿ ನಂಬಿ, ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕನನ್ನು ಜನ ಹೊಡೆದು ಕೊಂದಿದ್ದರು. ಆ ವಿಡಿಯೊ ನೋಡುವಾಗ ನನಗೆ ಅದೇ ನೆನಪಾಯಿತು.

ಆಸ್ಪತ್ರೆಗೆ ಬಂದಾಗ ಕೂಸಿನ ನೆತ್ತಿ ಉಬ್ಬಿತ್ತು. ಹಿಮೋಗ್ಲೋಬಿನ್ 6 ಇತ್ತು, ತೀರಾ ಕಡಿಮೆ. ಸಿಟಿ ಸ್ಕ್ಯಾನಿನಲ್ಲಿ ಮೆದುಳಿನ ಹೊರಪದರದ ಕೆಳಗೆ ರಕ್ತ ಕಂಡಿತು. ಎಡತೊಡೆಯಲ್ಲಿ ನೀಲಿ ಬಾವು, ಬೆನ್ನ ಮೇಲೆ ಎರಡು ನೀಲಿ ಗುರುತು, ದವಡೆಯ ಹತ್ತಿರ ಇನ್ನೊಂದು.

ಮಗುಚಲೂ ಬಾರದ ಕೂಸಿಗೆ ಮೈ ಮೇಲೆ ನೀಲಿ ಗುರುತು ಸುಮ್ನೆ ಬರುವುದಿಲ್ಲ. ನಾಲ್ಕು ತಿಂಗಳೊಳಗಿನ ಕೂಸಿನ ಮೈಯಲ್ಲಿ ಎಲ್ಲೇ ಜಜ್ಜಿದ ಗುರುತು ಕಂಡರೂ ಪೆಟ್ಟಿನ ಅನುಮಾನದಿಂದ ನೋಡಬೇಕು ಎಂದು ನಮಗೆ ಕಲಿಸುತ್ತಾರೆ. ಜೊತೆಗೆ ತಲೆಯೊಳಗೆ ರಕ್ತ. ಹಾಗಾಗಿ ಡ್ಯೂಟಿಯಲ್ಲಿದ್ದ ವೈದ್ಯರು ಅನುಮಾನ ಪಟ್ಟಿದ್ದು ಸರಿ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಎಂಬ ದಾಖಲೆ) ಮಾಡಿ ಪೊಲೀಸರಿಗೆ ತಿಳಿಸಿದ್ದೂ ಸರಿ. ತಪ್ಪಿದ್ದು ಕೇಸ್ ಶೀಟಿನ ಒಂದು ಸಾಲಿನಲ್ಲಿ. ‘ಜೊತೆಗೆ ಬಂದವರು, ಸಂಬಂಧ’ ಎಂಬ ಜಾಗದಲ್ಲಿ ಯಾರೋ ಬರೆದಿದ್ದರು: “ಮಂಗಳಮುಖಿ. ಹಲ್ಲೆ ಶಂಕೆ.” ಅಲ್ಲಿಂದ ಮುಂದೆ ಆ ಹಾಳೆ ಯಾರ ಕೈಗೆ ಹೋದರೂ ಎರಡು ಪದ ಒಟ್ಟಿಗೇ ಓದಿಸಿಕೊಂಡವು.

ಸಂಜೆಗೆ ಬಾಲನ್ಯಾಯ ಕಾಯ್ದೆ 2015ರ 75ನೇ ಕಲಂ ಕೆಳಗೆ ಎಫ್‌ಐಆರ್ ಆಯಿತು. ಮಗುವನ್ನು ನೋಡಿಕೊಳ್ಳುವ ಹೊಣೆ ಇದ್ದವರೇ ಹಿಂಸೆ ಕೊಟ್ಟರೆ ಹಾಕುವ ಕಲಂ ಅದು. ರೇಣುಕಾ ಅವರನ್ನು ರಾತ್ರಿಯಿಡೀ ಠಾಣೆಯಲ್ಲಿ ಕೂರಿಸಿದರು.

ಅವರ ವಿರುದ್ಧ ಇದ್ದದ್ದು

ಇದನ್ನು ಪ್ರಾಮಾಣಿಕವಾಗಿ ಬರೆಯಬೇಕು. ಅವರ ವಿರುದ್ಧ ಪೂರ್ವಗ್ರಹ ಒಂದೇ ಇರಲಿಲ್ಲ, ಬೇರೆ ವಿಷಯಗಳೂ ಇದ್ದವು.

ಕೂಸಿಗೆ ಫಿಟ್ಸ್ ಬಂದಾಗ ಅವರೊಬ್ಬರೇ ಇದ್ದರು. ಅವರ ಮಾತು ಬದಲಾಗಿತ್ತು. ಆಸ್ಪತ್ರೆಯಲ್ಲಿ “ಮುಂಜಾನಿ ಕೂಸು ಚೊಲೋನೇ ಇತ್ರಿ” ಎಂದವರು, ಠಾಣೆಯಲ್ಲಿ ನಡುರಾತ್ರಿ “ನಿನ್ನೆ ರಾತ್ರಿಯಿಂದನ ಮಂಕಾಗಿತ್ರಿ” ಎಂದರು. ಎಲ್ಲಕ್ಕಿಂತ ದೊಡ್ಡದು ಮೂರನೆಯದು. “ಎಬ್ಬಸಾಕ ಅಂತ ಅಲಗಾಡಿಸಿದ್ನಿರಿ” ಎಂದು ಅವರೇ ಹೇಳಿದ್ದರು. ಹೇಳಿಕೆಯಲ್ಲಿ ಅದು ‘ಮಗುವನ್ನು ಬಲವಾಗಿ ಅಲುಗಾಡಿಸಿದ್ದನ್ನು ಒಪ್ಪಿಕೊಂಡಿರುತ್ತಾರೆ’ ಎಂದು ಇಳಿಯಿತು. ‘ಬಲವಾಗಿ’ ಎಂಬ ಪದ ಅವರು ಆಡಿದ್ದಲ್ಲ.

ಎಳೆಕೂಸನ್ನು ಜೋರಾಗಿ ಅಲುಗಾಡಿಸಿದರೆ ಮೆದುಳಿನ ಸುತ್ತ ರಕ್ತ ಸೋರುತ್ತದೆ ಎಂಬುದು ವೈದ್ಯಕೀಯದಲ್ಲಿ ಹಳೆಯ ತಿಳಿವಳಿಕೆ. 1971ರಲ್ಲಿ ಇಂಗ್ಲೆಂಡಿನ ನರಶಸ್ತ್ರಚಿಕಿತ್ಸಕ ನಾರ್ಮನ್ ಗಥ್‌ಕೆಲ್ಚ್ ಇದನ್ನು ಬರೆದರು. ಅಂಥ ಮಕ್ಕಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಅದೇ ಗಥ್‌ಕೆಲ್ಚ್ ತೊಂಬತ್ತು ದಾಟಿದ ಮೇಲೆ, ಬೇರೆ ಕಾರಣಗಳನ್ನು ಹುಡುಕದೆ ಜನರನ್ನು ಜೈಲಿಗೆ ಕಳಿಸಲು ತನ್ನ ಮಾತನ್ನು ಬಳಸುತ್ತಿದ್ದಾರೆ ಎಂದು ಬಹಿರಂಗವಾಗಿ ಕಳವಳ ಹೇಳಿಕೊಂಡರು. ಈ ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಬೇಕು, ಅಲ್ವಾ? ನಾವು ಅವತ್ತು ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡಿದ್ದೆವು.

ನಮ್ಮ ಮುಂದೆ ಇದ್ದದ್ದು ಮೂರು ಪ್ರಶ್ನೆ. ಕೂಸಿಗೆ ಏನಾಗಿದೆ? ಯಾವಾಗ ಆಗಿದೆ? ಯಾರಾದರೂ ಮಾಡಿದ್ದರೆ, ಯಾರು? ನಾವು ಕೊನೆಯ ಪ್ರಶ್ನೆಯ ಉತ್ತರ ಮೊದಲೇ ಕೈಯಲ್ಲಿ ಹಿಡಿದು, ಉಳಿದ ಎರಡನ್ನೂ ಅದಕ್ಕೆ ಹೊಂದಿಸುತ್ತಿದ್ದೆವು.

ಗಾಜ್ ಬದಲಿಸಿದ ನರ್ಸ್

ಪ್ರಕರಣ ತಿರುಗಿದ್ದು ಒಬ್ಬ ಸ್ಟಾಫ್ ನರ್ಸ್ ಮಾತಿನಿಂದ. ಸಂಜೆ ಪಾಳಿ ಮುಗಿಸಿ ಹೋಗುವಾಗ ಅವರು ಪಿಜಿ ಡಾಕ್ಟರಿಗೆ (ಸ್ನಾತಕೋತ್ತರ ಓದುತ್ತಿರುವ ವೈದ್ಯರಿಗೆ) ಹೇಳಿದರು: “ಡಾಕ್ಟ್ರೇ, ಸೂಜಿ ಚುಚ್ಚಿದ ಕಡೆಯಲ್ಲೆಲ್ಲ ರಕ್ತ ಒಸರ್ತಾನೇ ಇದೆ. ನಾಲ್ಕು ಸಲ ಗಾಜ್ ಬದಲಾಯಿಸಿದೆ. ಒಂದು ಸಲ ನೋಡಿ.”

ಅಲ್ಲಿಯತನಕ ಹೆಪ್ಪುಗಟ್ಟುವ ಪರೀಕ್ಷೆಗೆ ರಕ್ತ ಹೋಗಿರಲಿಲ್ಲ. ಕಾರಣ ಸಿಕ್ಕಿದೆ ಅಂದುಕೊಂಡಾಗ ಹುಡುಕಾಟ ನಿಂತುಹೋಗುತ್ತದೆ. ಯಾರ ಮೇಲೂ ಬೆರಳು ತೋರಿಸಲು ಹೇಳುತ್ತಿಲ್ಲ. ಅದೇ ಕೂಸು ಅಮ್ಮನ ತೋಳಲ್ಲಿ ಬಂದಿದ್ದರೆ ಆ ಪರೀಕ್ಷೆ ಮೊದಲ ಪಟ್ಟಿಯಲ್ಲೇ ಇರುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ಆ ಪಿಜಿ ಒಂದು ಒಳ್ಳೆಯ ಕೆಲಸ ಮಾಡಿದರು. ಔಷಧಿ ಕೊಡುವ ಮೊದಲು ರಕ್ತ ತೆಗೆದಿಟ್ಟರು. ಔಷಧಿ ಹೋದ ಮೇಲೆ ತೆಗೆದಿದ್ದರೆ ಏನಾಗಿತ್ತೆಂದು ಯಾವತ್ತೂ ತಿಳಿಯುತ್ತಿರಲಿಲ್ಲ. ಸಾಮಾನ್ಯವಾಗಿ 12ರಿಂದ 15 ಸೆಕೆಂಡಿನಲ್ಲಿ ಹೆಪ್ಪುಗಟ್ಟಬೇಕಾದ ಪ್ಲಾಸ್ಮಾ (ರಕ್ತದ ದ್ರವ ಭಾಗ) ಈ ಕೂಸಿನಲ್ಲಿ 90 ಸೆಕೆಂಡ್ ಕಳೆದರೂ ಗಟ್ಟಿಯಾಗಲಿಲ್ಲ. ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತಿದೆ ಎಂದು ತೋರಿಸುವ ಅಳತೆ ಐಎನ್‌ಆರ್. 1ರ ಹತ್ತಿರ ಇರಬೇಕಾದ ಅದು 8 ದಾಟಿತ್ತು. ಹೆಪ್ಪುಗಟ್ಟಲು ಬೇಕಾದ ಬೇರೆ ಅಂಶಗಳಾದ ಪ್ಲೇಟ್‌ಲೆಟ್ ಸರಿಯಿತ್ತು, ಫೈಬ್ರಿನೋಜನ್ ಸರಿಯಿತ್ತು. ತಲೆಗೆ ಪೆಟ್ಟು ಬಿದ್ದಾಗಲೂ ಹೆಪ್ಪುಗಟ್ಟುವುದು ಸ್ವಲ್ಪ ಏರುಪೇರಾಗುತ್ತದೆ. ಆದರೆ ಉಳಿದೆಲ್ಲ ಸರಿಯಿದ್ದು ಇದೊಂದೇ ಇಷ್ಟು ಕೆಡುವುದಿಲ್ಲ. ಇದು ವಿಟಮಿನ್ ಕೆ ಕೊರತೆಯ ಚಿತ್ರ.

ವಿಟಮಿನ್ ಕೆ ಇಲ್ಲದೆ ರಕ್ತ ಹೆಪ್ಪುಗಟ್ಟುವ ಕೆಲವು ಅಂಶಗಳು ಕೆಲಸ ಮಾಡುವುದಿಲ್ಲ. ಹುಟ್ಟುವಾಗ ಎಲ್ಲ ಕೂಸುಗಳ ಮೈಯಲ್ಲೂ ಅದು ತೀರಾ ಕಡಿಮೆ. ತಾಯಿಯ ಹಾಲಿನಲ್ಲೂ ಕಡಿಮೆ. ಇದು ಎದೆಹಾಲಿನ ದೋಷ ಅಲ್ಲ, ಎದೆಹಾಲು ಬಿಡಬೇಕಾಗಿಯೂ ಇಲ್ಲ. ಅದಕ್ಕೇ ಹುಟ್ಟಿದ ತಕ್ಷಣ ತೊಡೆಗೆ 1 ಮಿಲಿಗ್ರಾಂ ವಿಟಮಿನ್ ಕೆ ಇಂಜೆಕ್ಷನ್ ಕೊಡುತ್ತಾರೆ. ತೀರಾ ಕಡಿಮೆ ತೂಕದ ಕೂಸಿಗೆ ಅರ್ಧ ಮಿಲಿಗ್ರಾಂ. ಕೊಡದಿದ್ದರೆ ಎಲ್ಲ ಕೂಸಿಗೂ ತೊಂದರೆ ಆಗುವುದಿಲ್ಲ. ಆಗುವ ಕೆಲವು ಕೂಸುಗಳಲ್ಲಿ ಎರಡನೇ ವಾರದಿಂದ ಆರನೇ ತಿಂಗಳೊಳಗೆ ರಕ್ತಸ್ರಾವ ಆಗುತ್ತದೆ, ಬಹಳ ಸಲ ತಲೆಯೊಳಗೇ. ಮನೆಯಲ್ಲಿ ಹುಟ್ಟಿದ ಈ ಕೂಸಿನ ತಾಯಿ ಕಾರ್ಡಿನಲ್ಲಿ ಮಾರನೇ ದಿನದ ಬಿಸಿಜಿ, ಪೋಲಿಯೊ ಹನಿ ಎಲ್ಲ ಬರೆದಿತ್ತು. ವಿಟಮಿನ್ ಕೆ ಎಲ್ಲೂ ಇರಲಿಲ್ಲ.

ರಕ್ತನಾಳಕ್ಕೆ ವಿಟಮಿನ್ ಕೆ ಕೊಟ್ಟರು, ಪ್ಲಾಸ್ಮಾ ಕೊಟ್ಟರು. ಬೆಳಗಿನ ಜಾವಕ್ಕೆ ಐಎನ್‌ಆರ್ ಇಳಿಯಿತು. ಮರುದಿನ ನ್ಯೂರೋಸರ್ಜನ್ ತಲೆಯೊಳಗಿನ ರಕ್ತ ತೆಗೆದರು.

ಒಂದು ಹಾಳೆ, ಎರಡು ಕಾಲಂ

ಬುಧವಾರ ಬೆಳಿಗ್ಗೆ ನಾನು ಒಂದು ತೀರ್ಮಾನ ಮಾಡಿದೆ. ರೇಣುಕಾ ಅವರ ಮೇಲಿನ ಅನುಮಾನವನ್ನು ಕೈಬಿಡುವುದಿಲ್ಲ, ಆದರೆ ಪಕ್ಕಕ್ಕೆ ಇಡುತ್ತೇನೆ. ಒಂದು ದೊಡ್ಡ ಹಾಳೆಯಲ್ಲಿ ಹಿಂದಿನ ಮೂರು ದಿನವನ್ನು ಗಂಟೆ ಗಂಟೆಗೆ ಬರೆಯುತ್ತೇನೆ. ಒಂದು ಕಾಲಂ, ಬಾಯಿಮಾತಲ್ಲಿ ಗೊತ್ತಾದದ್ದು. ಇನ್ನೊಂದು, ಘಟನೆಗೆ ಮೊದಲೇ ಎಲ್ಲಾದರೂ ದಾಖಲಾದದ್ದು. ಎರಡನೇ ಕಾಲಂಗೆ ತೂಕ ಜಾಸ್ತಿ, ಏಕೆಂದರೆ ಅದನ್ನು ಬರೆದವರಿಗೆ ಮುಂದೆ ಏನಾಗುತ್ತದೆ ಎಂದು ಗೊತ್ತಿರಲಿಲ್ಲ.

ಎರಡನೇ ಕಾಲಮಿನಲ್ಲಿ ಮೊದಲು ಬಂದದ್ದು ಅಮ್ಮನ ಫೋನ್. ಮಂಗಳವಾರ ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ಕೆಲಸದ ಮನೆಯವರಿಗೆ ಕಳಿಸಿದ ವಾಯ್ಸ್ ಮೆಸೇಜ್: “ಮೇಡಂ, ಕೂಸು ರಾತ್ರಿಯಿಂದ ವಾಂತಿ ಮಾಡಾಕತ್ತದ, ಇವತ್ತ ಸ್ವಲ್ಪ ತಡ ಆಗ್ತದ.” ಆ ಹೊತ್ತಿಗೆ ರೇಣುಕಾ ಇನ್ನೂ ಕೂಸನ್ನು ಮುಟ್ಟಿಯೇ ಇರಲಿಲ್ಲ. ಎರಡನೆಯದು ತಾಯಿ ಕಾರ್ಡ್. ಭಾನುವಾರ ಪಕ್ಕದ ಬೀದಿಯಲ್ಲಿ ಲಸಿಕೆ ಶಿಬಿರ ಇತ್ತು. ಆರನೇ ವಾರದ ಇಂಜೆಕ್ಷನ್ ಅಲ್ಲಿ ಹಾಕಿಸಿದ್ದರು. ನೀಲಿ ಬಾವು ಇದ್ದದ್ದು ಲಸಿಕೆ ಹಾಕಿದ ತೊಡೆಯಲ್ಲೇ.

ಅಮ್ಮನ ಹತ್ತಿರ ಮತ್ತೆ ಕೂತೆ. ಈ ಸಲ ಹೊಕ್ಕುಳಿನಿಂದ ಶುರು ಮಾಡಿದೆ. ಹೊಕ್ಕುಳ ಬಿದ್ದ ಮೇಲೂ ನಾಲ್ಕೈದು ದಿನ ಬಟ್ಟೆಗೆ ರಕ್ತ ಅಂಟುತ್ತಿತ್ತಂತೆ. ಊರಲ್ಲಿ ಅರಿಶಿನ ಹಚ್ಚಿದ್ದರು. ಹಿಂದಿನ ವಾರ ಒಂದು ಬೆಳಿಗ್ಗೆ ಮೂಗಿನ ಹತ್ತಿರ ರಕ್ತದ ಕಲೆ. ಸೊಳ್ಳೆ ಕಚ್ಚಿರಬೇಕು ಅಂದುಕೊಂಡರು. ವಿಟಮಿನ್ ಕೆ ಕೊರತೆಯಲ್ಲಿ ದೊಡ್ಡ ರಕ್ತಸ್ರಾವಕ್ಕೆ ಮೊದಲು ಇಂಥ ಸಣ್ಣ ರಕ್ತಸ್ರಾವ ಎಚ್ಚರಿಕೆಯ ಹಾಗೆ ಬಂದು ಹೋಗುತ್ತದೆ. ಯಾರಿಗೂ ಅದು ಎಚ್ಚರಿಕೆ ಎಂದು ಹೇಳಿಕೊಟ್ಟಿರಲಿಲ್ಲ.

ಆಮೇಲೆ ರೇಣುಕಾ. ಅವರ ಮಾತು ಯಾಕೆ ಬದಲಾಯಿತು ಎಂದು ಕೇಳಿದೆ. ಸುಮಾರು ಹೊತ್ತು ಸುಮ್ಮನಿದ್ದರು. “ರಾತ್ರಿನ ಆರಾಮ ಇರಲಿಲ್ಲ ಅಂದ್ರ, ಮತ್ಯಾಕ ಬಿಟ್ಟು ಹೋದಿ ಅಂತ ಆಕಿನ್ನ ಕೇಳ್ತಾರಲ್ರಿ. ಆಕಿ ಬಾಣಂತಿ ಅದಾಳ್ರಿ.” ಮೊದಲ ಹೇಳಿಕೆ ಸುಳ್ಳೇ. ಕೂಸಿನ ಅಮ್ಮನನ್ನು ಉಳಿಸಲು ಹೇಳಿದ ಸುಳ್ಳು. ತೊಡೆಯ ಬಗ್ಗೆ ಅವರು ಆಸ್ಪತ್ರೆಯಲ್ಲೇ ಹೇಳಿದ್ದರು, “ಸೂಜಿ ಮಾಡಿದ ಜಾಗದಾಗ ರಕ್ತ ನಿಂದರಲಿಲ್ರಿ” ಎಂದು. ನಮ್ಮಲ್ಲಿ ಯಾರೂ ಬರೆದುಕೊಂಡಿರಲಿಲ್ಲ.

ಅಲುಗಾಡಿಸಿದ್ದು ಹೇಗೆ ಎಂದು ಬಾಯಲ್ಲಿ ಕೇಳಲಿಲ್ಲ. ಒಂದು ಟವೆಲ್ ಸುತ್ತಿ ಅವರ ತೊಡೆಯ ಮೇಲಿಟ್ಟು, “ಅವತ್ತು ಮಾಡಿದ ಹಾಗೆ ಮಾಡಿ ತೋರಿಸಿ” ಅಂದೆ. ಅವರು ಎಡಗೈಯನ್ನು ಟವೆಲಿನ ತಲೆಯ ಕಡೆ ಕೊಟ್ಟು, ಬಲಗೈ ಬೆರಳಿನಿಂದ ಗಲ್ಲ ಇರಬೇಕಾದ ಜಾಗ ತಟ್ಟಿ, ಭುಜ ಹಿಡಿದು ಎರಡು ಸಲ ಮೆಲ್ಲಗೆ ಆಡಿಸಿದರು. ನಿದ್ದೆಗಣ್ಣಿನ ಕೂಸಿಗೆ ಹಾಲು ಕುಡಿಸಲು ಎಲ್ಲ ಅಮ್ಮಂದಿರೂ ಎಬ್ಬಿಸುವುದು ಹೀಗೇ. ತೋರಿಸುತ್ತಾ ಅತ್ತುಬಿಟ್ಟರು. ಅಳು ನಾಟಕ ಆಗಿರಬಹುದು, ನಾನು ಅದಕ್ಕೆ ತೂಕ ಕೊಡಲಿಲ್ಲ. ಕುತ್ತಿಗೆ ಕೆಳಗೆ ತಾನಾಗೇ ಹೋದ ಆ ಎಡಗೈಗೆ ಸ್ವಲ್ಪ ತೂಕ ಕೊಟ್ಟೆ.

ಇಷ್ಟಕ್ಕೇ ನಿಲ್ಲಿಸಬಾರದಿತ್ತು

ನಮ್ಮ ತಂಡದಲ್ಲಿ ಜಗಳ ಆದದ್ದು ಇಲ್ಲಿ. ರೋಗ ಸಿಕ್ಕಿತಲ್ಲ, ಪ್ರಕರಣ ಮುಗಿಯಿತು ಎಂದು ಕೆಲವರು. ನನಗೂ ಹಾಗೇ ಆಸೆ ಇತ್ತು. ನನ್ನ ಮೊದಲ ಪ್ರಶ್ನೆಯ ನಾಚಿಕೆ ನನ್ನನ್ನು ಅತ್ತ ತಳ್ಳುತ್ತಿತ್ತು. ಆದರೆ ತಂಡದ ಹಿರಿಯ ಮಕ್ಕಳ ವೈದ್ಯರು ಒಪ್ಪಲಿಲ್ಲ. “ರಕ್ತ ಹೆಪ್ಪುಗಟ್ಟದ ಕೂಸಿಗೆ ಯಾರೂ ಹೊಡೆಯುವುದಿಲ್ಲ ಅಂತ ಯಾರು ಹೇಳಿದರು?” ಎಂದರು. ಅಂಥ ಕೂಸಿಗೆ ಸಣ್ಣ ಪೆಟ್ಟೇ ಸಾಕು. ಒಬ್ಬರನ್ನು ಬಿಡಿಸುವ ಆತುರದಲ್ಲೂ ಕೂಸು ಕಳೆದುಹೋಗಬಹುದು.

ಅವರು ಹಾಗೆ ಹೇಳಿದ್ದಕ್ಕೆ ಹಿನ್ನೆಲೆ ಇತ್ತು. ಕೆಲವು ವರ್ಷದ ಹಿಂದೆ ಮೂರು ತಿಂಗಳ ಒಂದು ಮಗು ಕೈಮೂಳೆ ಮುರಿದು ಬಂದಿತ್ತು. ನೋಡಿಕೊಳ್ಳುತ್ತಿದ್ದವರು ಓದಿದ, ಮೃದು ಮಾತಿನ, ಎಲ್ಲರಿಗೂ ಬೇಕಾದ ಹಿರಿಯರು. ಇಂಥವರ ಮೇಲೆ ಅನುಮಾನವೇ ಎಂದು ನಾವು ಪೂರ್ತಿ ಎಕ್ಸ್‌ರೇ ತೆಗೆಸದೆ ಕಳಿಸಿದೆವು. ಮಗು ತಿರುಗಿ ಬಂದಾಗ ಪಕ್ಕೆಲುಬಿನಲ್ಲಿ ಹಳೆಯ ಮುರಿತಗಳು ಕೂಡಿಕೊಂಡಿದ್ದವು. ‘ಇವರು ಮಾಡಿರಲಾರರು’ ಎಂಬುದೂ ‘ಇವರೇ ಮಾಡಿರಬೇಕು’ ಎಂಬುದೂ ಒಂದೇ ಜಾಗದಿಂದ ಹುಟ್ಟುತ್ತವೆ. ಎರಡರಲ್ಲೂ ನಾವು ಕೂಸಿನ ಮೈ ಬಿಟ್ಟು ದೊಡ್ಡವರ ಮುಖ ನೋಡುತ್ತಿರುತ್ತೇವೆ. 1962ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಹೆನ್ರಿ ಕೆಂಪೆ ಮತ್ತು ಜೊತೆಗಾರರು ಪೆಟ್ಟು ತಿಂದ ಮಕ್ಕಳ ಬಗ್ಗೆ ಬರೆದಾಗಲೂ, ಹೆತ್ತವರು ಹೀಗೆ ಮಾಡಿಯಾರೆಂದು ನಂಬಲು ವೈದ್ಯರಿಗೇ ಮನಸ್ಸು ಬರುವುದಿಲ್ಲ ಎಂದು ಹೇಳಿದ್ದರು.

ಹಾಗಾಗಿ ಎಲ್ಲ ಪರೀಕ್ಷೆಯನ್ನೂ ಮಾಡಿದೆವು. ಇಡೀ ಮೈಯ ಎಕ್ಸ್‌ರೇಯಲ್ಲಿ ಮುರಿತ ಇರಲಿಲ್ಲ. ಹೊಸ ಮುರಿತ ಮೊದಲ ದಿನ ಕಾಣದೇ ಇರಬಹುದು, ಮೂಳೆ ಕೂಡಲು ಶುರುವಾದ ಮೇಲೆ ಕಾಣುತ್ತದೆ. ಅದಕ್ಕೆ ಎರಡು ವಾರ ಬಿಟ್ಟು ಮತ್ತೆ ತೆಗೆಸಿದೆವು. ಆಗಲೂ ಇಲ್ಲ. ಕಣ್ಣಿನ ವೈದ್ಯರಿಗೆ ಒಂದು ಕಣ್ಣಿನ ಹಿಂಪರದೆಯಲ್ಲಿ ಮೂರು ರಕ್ತದ ಚುಕ್ಕಿ ಕಂಡವು. ಜೋರಾಗಿ ಅಲುಗಾಡಿಸಿದ ಕೂಸುಗಳಲ್ಲಿ ಪರದೆ ತುಂಬ, ಪದರ ಪದರದಲ್ಲಿ ರಕ್ತ ಇರುವುದು ಹೆಚ್ಚು. ಇಲ್ಲಿ ಹಾಗಿರಲಿಲ್ಲ. ಪಿತ್ತರಸ ಸರಿಯಾಗಿ ಹರಿಯದಿದ್ದರೂ ವಿಟಮಿನ್ ಕೆ ಹೀರಿಕೊಳ್ಳುವುದು ನಿಲ್ಲಬಹುದು. ಅದನ್ನೂ ನೋಡಿದೆವು, ಸರಿಯಿತ್ತು. ಪ್ಲಾಸ್ಮಾ ಕೊಟ್ಟಿದ್ದರಿಂದ ಮೊದಲ ದಿನದ ಸುಧಾರಣೆ ಏನನ್ನೂ ಹೇಳುವುದಿಲ್ಲ, ಪ್ಲಾಸ್ಮಾ ಯಾವ ಕೊರತೆಯನ್ನಾದರೂ ಒಂದು ದಿನ ಮುಚ್ಚುತ್ತದೆ. ಮೂರನೇ ದಿನ, ಮತ್ತೆ ಪ್ಲಾಸ್ಮಾ ಕೊಡದೆಯೂ ಐಎನ್‌ಆರ್ ಸರಿಯಾಗಿಯೇ ಉಳಿಯಿತು. ಕೊರತೆ ವಿಟಮಿನ್ ಕೆಯದ್ದೇ ಎಂದು ಅದು ಹೇಳಿತು.

ಬೆನ್ನ ಮೇಲಿನ ಎರಡು ನೀಲಿ ಗುರುತು ಎರಡು ವಾರವಾದರೂ ಬಣ್ಣ ಬದಲಿಸಲಿಲ್ಲ. ಜಜ್ಜಿದ ಗುರುತಾದರೆ ಹಸಿರು, ಹಳದಿಯಾಗಿ ಮಾಯವಾಗಬೇಕು. ಇವು ಹುಟ್ಟುಮಚ್ಚೆ. ನಮ್ಮ ಕಡೆಯ ಎಳೆಕೂಸುಗಳ ಬೆನ್ನು, ಕುಂಡಿಯ ಮೇಲೆ ತುಂಬಾ ಸಾಮಾನ್ಯ. ಅವಸರದಲ್ಲಿ ಗಾಯ ಎಂದು ಬರೆದಿದ್ದೆವು.

ದವಡೆಯ ಗುರುತು ಒಂದು ಉಳಿಯಿತು. ಕೊರತೆಯಿಂದ ತಾನಾಗಿ ಬಂದಿರಬಹುದು. ಐದು ವರ್ಷದ ಅಕ್ಕ ಮುದ್ದಿಗೆ ಗಲ್ಲ ಹಿಂಡಿರಬಹುದು. ಯಾರದೋ ಬೆರಳು ಗಟ್ಟಿಯಾಗಿ ಒತ್ತಿರಬಹುದು. ವರದಿಯಲ್ಲಿ ‘ಕಾರಣ ತಿಳಿದಿಲ್ಲ’ ಎಂದೇ ಬರೆದೆ. ಅದನ್ನು ಬಿಟ್ಟು ಬರೆಯಿರಿ, ಸುಮ್ನೆ ಗೊಂದಲ ಎಂದು ಒಬ್ಬರು ಸಲಹೆ ಕೊಟ್ಟರು. ಬಿಡಲಿಲ್ಲ. ಒಂದು ಕಡೆ ಮುಚ್ಚಿಟ್ಟರೆ ಉಳಿದದ್ದನ್ನೂ ಯಾರೂ ನಂಬಬೇಕಾಗಿಲ್ಲ.

ಠಾಣೆಯಲ್ಲಿ

ತನಿಖಾಧಿಕಾರಿ ಕೆಟ್ಟವರಲ್ಲ. ಅವರ ಪ್ರಶ್ನೆ ನೇರ ಇತ್ತು. “ಮಗು ಇವರ ಕೈಲಿತ್ತು. ಏನಾಯಿತು ಅಂತ ಇವರೇ ತಾನೇ ಹೇಳಬೇಕು?” ಹಾಗೆ ಕೇಳಲು ಕಾನೂನಿನ ಆಧಾರವೂ ಇದೆ. ಒಬ್ಬರಿಗೆ ಮಾತ್ರ ಗೊತ್ತಿರುವ ವಿಷಯವನ್ನು ಅವರೇ ರುಜುವಾತು ಮಾಡಬೇಕು ಎಂದು ಹಳೆಯ ಸಾಕ್ಷ್ಯ ಕಾಯ್ದೆಯ 106ನೇ ಕಲಂ ಹೇಳುತ್ತಿತ್ತು. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 109. ಆದರೆ ಅಪರಾಧ ನಡೆದಿದೆ ಎಂಬುದನ್ನು ಮೊದಲು ತೋರಿಸಬೇಕಾದವರು ಪೊಲೀಸರೇ. ನಮ್ಮ ಕಾನೂನು ಸಲಹೆಗಾರರು 1984ರ ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣವನ್ನು ನೆನಪಿಸಿದರು. ಕಣ್ಣಾರೆ ಕಂಡ ಸಾಕ್ಷಿ ಇಲ್ಲದಾಗ ಸಂದರ್ಭಗಳನ್ನು ಹೇಗೆ ತೂಗಬೇಕು ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಐದು ಷರತ್ತು ಹಾಕಿದೆ. ‘ಮಾಡಿರಬಹುದು’ ಎಂಬುದಕ್ಕೂ ‘ಮಾಡಿರಲೇಬೇಕು’ ಎಂಬುದಕ್ಕೂ ಇರುವ ಅಂತರವನ್ನು ಅದು ಎತ್ತಿ ಹೇಳುತ್ತದೆ.

ರಕ್ತ ಯಾವ ಗಂಟೆಗೆ ಸೋರಿತು ಎಂದು ಅಧಿಕಾರಿ ರೇಡಿಯಾಲಜಿ ವೈದ್ಯರನ್ನು ಕೇಳಿದರು. ಸ್ಕ್ಯಾನ್ ನೋಡಿ ಗಂಟೆ ಹೇಳಲು ಆಗುವುದಿಲ್ಲ ಎಂದು ಅವರು ಬರೆದುಕೊಟ್ಟರು. ಒತ್ತಡ ಇದ್ದರೂ ಆಗುವುದಿಲ್ಲ ಎಂದು ಹೇಳಿದ್ದಕ್ಕೆ ಅವರಿಗೆ ನಾನು ಋಣಿ. ಹೆಪ್ಪುಗಟ್ಟುವ ಪರೀಕ್ಷೆ, ವಾಯ್ಸ್ ಮೆಸೇಜ್, ತಾಯಿ ಕಾರ್ಡ್, ಎರಡು ಸಲದ ಎಕ್ಸ್‌ರೇ ಜೋಡಿಸಿ ಕೊಟ್ಟೆವು. ಐದು ತಿಂಗಳ ಮೇಲೆ ಪೊಲೀಸರು ‘ಬಿ’ ರಿಪೋರ್ಟ್, ಅಂದರೆ ಮೊಕದ್ದಮೆಗೆ ಆಧಾರ ಇಲ್ಲ ಎಂದು ಪ್ರಕರಣ ಮುಗಿಸುವ ವರದಿ, ಹಾಕಿದರು.

ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಇನ್ನೊಂದು ಪ್ರಶ್ನೆ ಇತ್ತು. ಕೂಸು ಮನೆಗೆ ಹೋಗಬಹುದೇ, ಹೋದರೆ ಯಾರ ಕೈಯಲ್ಲಿ ಇರಬೇಕು? ಮೊದಲ ಎರಡು ತಿಂಗಳು ಅಮ್ಮ ಒಬ್ಬರನ್ನೇ ನಂಬಿ ಕಳಿಸಿ, ವಾರಕ್ಕೊಮ್ಮೆ ನಾನು ಮನೆಗೆ ಹೋಗಿ ನೋಡುವುದು ಎಂದು ತೀರ್ಮಾನವಾಯಿತು. ರೇಣುಕಾ ಅವರನ್ನು ದೂರ ಇಡಿ ಎಂದು ಸಮಿತಿ ಹೇಳಲಿಲ್ಲ. ಹಾಗೆ ಹೇಳಲು ಆಧಾರ ಇರಲಿಲ್ಲ. ಅಮ್ಮ ಕೆಲಸ ಬಿಟ್ಟರು. ಒಂದು ಸಂಸ್ಥೆಯಿಂದ ಮೂರು ತಿಂಗಳ ರೇಷನ್ ಹೊಂದಿಸಿದೆ. ಆ ವರದಿಯಷ್ಟೇ ಮುಖ್ಯ ಈ ರೇಷನ್ ಎಂದು ಈಗಲೂ ನಂಬಿದ್ದೇನೆ.

ಏನು ಬದಲಿಸಿಕೊಂಡೆವು

ನಮ್ಮ ಆಸ್ಪತ್ರೆಯಲ್ಲಿ ಈಗ ಒಂದು ವರ್ಷದೊಳಗಿನ ಕೂಸು ರಕ್ತಸ್ರಾವ ಅಥವಾ ನೀಲಿ ಗುರುತಿನೊಂದಿಗೆ ಬಂದರೆ, ಜೊತೆಗೆ ಯಾರೇ ಬಂದಿರಲಿ, ಹೆಪ್ಪುಗಟ್ಟುವ ಪರೀಕ್ಷೆ ಮೊದಲ ತಾಸಿನಲ್ಲೇ ಹೋಗುತ್ತದೆ. ಇಡೀ ಮೈ ಎಕ್ಸ್‌ರೇಯೂ ಅಷ್ಟೇ, ಕಾರಿನಲ್ಲಿ ಬಂದವರ ಮಗುವಿಗೂ, ಆಟೋದಲ್ಲಿ ಬಂದವರ ಮಗುವಿಗೂ. ಹುಟ್ಟಿದ್ದು ಎಲ್ಲಿ, ವಿಟಮಿನ್ ಕೆ ಕೊಟ್ಟಿದ್ದಾರಾ ಎಂದು ಕೇಸ್ ಶೀಟಿನಲ್ಲೇ ಒಂದು ಸಾಲು ಇದೆ. ಹೇಳಿಕೆಯನ್ನು ಅವರ ಮಾತಿನಲ್ಲೇ ಬರೆಯಬೇಕು. ‘ಅಲಗಾಡಿಸಿದ್ನಿರಿ’ ಅಂದರೆ ‘ಅಲಗಾಡಿಸಿದ್ನಿರಿ’ ಅಂತಲೇ. ಪಾಳಿ ಬದಲಾಗುವಾಗ ನರ್ಸ್‌ಗಳು ಏನು ಕಂಡರು ಎಂದು ಕೇಳುತ್ತೇವೆ. ನಾನು ಹೊಸಬರಿಗೆ ಹೇಳಿಕೊಡುವಾಗ ಬೆಂಚಿನ ಹತ್ತಿರ ನಾನು ಕೇಳಿದ ಆ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಸರಿಯಾಗದೆ ಉಳಿದದ್ದೂ ಇದೆ. ಕೂಸಿನ ಬಲಗೈ, ಬಲಗಾಲು ಸ್ವಲ್ಪ ಬಿಗಿ. ಫಿಟ್ಸ್ ಮಾತ್ರೆ ನಡೆಯುತ್ತಿದೆ. ರೇಣುಕಾ ಠಾಣೆಯಿಂದ ಬರುವಷ್ಟರಲ್ಲಿ ಮನೆ ಮಾಲೀಕ ಅವರ ಪಾತ್ರೆ, ರೊಟ್ಟಿ ಹಂಚು ಅಂಗಳಕ್ಕೆ ಇಟ್ಟಿದ್ದರು. ಅವರು ಊರಿನ ಇನ್ನೊಂದು ತುದಿಗೆ, ಪರಿಚಯದವರ ಮನೆಗೆ ಹೋದರು. ವಿಡಿಯೊ ತೆಗೆಸಲು ಸೈಬರ್ ಠಾಣೆಗೆ ದೂರು ಕೊಟ್ಟೆವು. ಒಂದು ಕಡೆ ತೆಗೆದರೆ ಇನ್ನೊಂದು ಗುಂಪಿನಲ್ಲಿ ಬರುತ್ತದೆ. ಅಪ್ಪ ಇವತ್ತಿಗೂ ಅವರ ಹತ್ತಿರ ಮಾತಾಡುವುದಿಲ್ಲ. ‘ಬಿ’ ರಿಪೋರ್ಟ್ ಓದಿ ಹೇಳಿದ್ದೇನೆ, ಪರೀಕ್ಷೆಯ ಫಲಿತಾಂಶ ವಿವರಿಸಿದ್ದೇನೆ. ತಲೆ ಆಡಿಸುತ್ತಾರೆ. ಆಸ್ಪತ್ರೆಯ ದಾಖಲೆಯಲ್ಲಿ ಬರೆದದ್ದನ್ನು ಅಳಿಸಲು ಬರುವುದಿಲ್ಲ. ಆ ಮೊದಲ ಸಾಲಿನ ಕೆಳಗೆ ತಾರೀಕು ಹಾಕಿ, ಪರೀಕ್ಷೆಯ ಅಂಕಿ ಬರೆದು, ವೈದ್ಯರ ಸಹಿ ಮಾಡಿಸಲು ಮಾತ್ರ ಸಾಧ್ಯವಾಯಿತು.

ಒಂಬತ್ತನೇ ತಿಂಗಳ ಫಿಸಿಯೋಥೆರಪಿಗೆ ಬಂದಾಗ ಅಮ್ಮನ ಜೊತೆ ರೇಣುಕಾ ಇದ್ದರು. ಎರಡು ಬಸ್ ಬದಲಿಸಿ ಬಂದಿದ್ದರು. ಕೂಸು ಅವರ ಸೆರಗು ಹಿಡಿದು ಜಗ್ಗುತ್ತಿತ್ತು, ಎಡಗೈಯಲ್ಲಿ. ಕೌಂಟರಿನ ಗುಮಾಸ್ತರು ತಲೆ ಎತ್ತದೆ ಕೇಳಿದರು, ಜೊತೆಗೆ ಬಂದವರು ಯಾರು, ಸಂಬಂಧ ಏನು. ರೇಣುಕಾ ಒಂದು ಹೆಜ್ಜೆ ಹಿಂದೆ ಸರಿದರು.

“ದೊಡ್ಡವ್ವ ಅಂತ ಬರ್ಕೋರಿ” ಎಂದರು ಅಮ್ಮ.

ಗುಮಾಸ್ತರು ಬರೆದುಕೊಂಡು ಚೀಟಿ ಕೊಟ್ಟರು. ಮೂವರೂ ಫಿಸಿಯೋಥೆರಪಿ ಕೊಠಡಿಯ ಕಡೆ ನಡೆದರು.